ಟ್ರೇಲರ್ ನಂಬಿ ಏಳು ಟಿಕೆಟ್ ತೆಗೆಸಿದೆ, ದಯವಿಟ್ಟು ನೀವು ಹಾಗೆ ಮಾಡಬೇಡಿ

ಬೇಸಿಗೆಯ ದೊಡ್ಡ ಆಕ್ಷನ್ ಸಿನಿಮಾಗೆ, ಅದೂ ಮೊದಲ ದಿನವೇ, ಅದೂ ತ್ರೀಡಿಗೆ, ಮನೆಮಂದಿಗೆಲ್ಲ ಸೇರಿಸಿ ಟಿಕೆಟ್ ಬುಕ್ ಮಾಡಲು ಹೊರಟಿದ್ದೀರಾ? ಒಂದು ನಿಮಿಷ ನಿಲ್ಲಿ. ಇದನ್ನು ಓದಿ. ಆಮೇಲೆ ನಿಮ್ಮಿಷ್ಟ.

ನಾನು ಏಳು ಟಿಕೆಟ್ ತೆಗೆಸಿದ್ದೆ. ಏಳು! ಒಂದರ ದುಡ್ಡೂ ವಾಪಸ್ ಬರಲಿಲ್ಲ. ದುಡ್ಡು ಹೋದದ್ದು ಒಂದು ಕಡೆ ಇರಲಿ. ಬೇಡ ಅಂದವರನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋದವನು ನಾನೇ. ಅದು ಇನ್ನೂ ಚುಚ್ಚುತ್ತಿದೆ.

ಸಿನಿಮಾ ಹೆಸರು ಹಾಕುತ್ತಿಲ್ಲ, ಥಿಯೇಟರ್ ಹೆಸರೂ ಹಾಕುತ್ತಿಲ್ಲ. ಹಾಕಿದರೆ ಮಾತೆಲ್ಲ ನಾಯಕನ ಅಭಿಮಾನಿಗಳ ಜಗಳಕ್ಕೆ ತಿರುಗುತ್ತದೆ, ನಾನು ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು. ನಾನು ಇಂಥ ಸಿನಿಮಾಗಳನ್ನು ಕಂಡರೆ ಮೂಗು ಮುರಿಯುವವನಲ್ಲ. ನನಗೆ ಇವು ಬೇಕು. ಕಾರು ಹಾರಬೇಕು, ಕಟ್ಟಡ ಉರುಳಬೇಕು, ಇನ್ನೇನು ಮುಗಿಯಿತು ಅನ್ನುವಾಗ ನಾಯಕನ ಕೈಗೆ ಹಗ್ಗ ಸಿಗಬೇಕು. 2015ರಲ್ಲಿ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ನೋಡಿ ಹೊರಗೆ ಬಂದಾಗ ನನ್ನ ಕೈ ನಡುಗುತ್ತಿತ್ತು. ನಮೀಬಿಯಾದ ಮರುಭೂಮಿಯಲ್ಲಿ ನಿಜವಾದ ಗಾಡಿಗಳನ್ನು ಓಡಿಸಿ, ಸ್ಟಂಟ್‌ನವರನ್ನು ಮೇಲೆ ಹತ್ತಿಸಿ ತೆಗೆದದ್ದು ಅದು. ಧೂಳು ಬಂದು ಹಲ್ಲಿಗೆ ಕಚ್ಚಿಕೊಂಡ ಹಾಗೆ ಅನ್ನಿಸಿತ್ತು. ಇಂಥದ್ದನ್ನು ಇಷ್ಟಪಡುವವನಿಗೇ ಮೋಸ ಆಯಿತಲ್ಲ, ಅದಕ್ಕೇ ಇಷ್ಟು ಸಿಟ್ಟು.

ಈ ಸಿನಿಮಾದ ಟ್ರೇಲರ್ ಬಂದಾಗಿನಿಂದ ಅಕ್ಕನ ಮಗನಿಗೆ ಅದೇ ಜಪ. ಎರಡೂವರೆ ನಿಮಿಷದ ಟ್ರೇಲರ್. ಕೊನೆಯ ಇಪ್ಪತ್ತು ಸೆಕೆಂಡ್‌ನಲ್ಲಿ ಒಂದು ದೃಶ್ಯ. ರೈಲಿನ ಸೇತುವೆ ಮಧ್ಯದಲ್ಲೇ ಮುರಿಯುತ್ತದೆ. ಬೋಗಿಗಳು ಒಂದೊಂದೇ ನದಿಗೆ ಬೀಳುತ್ತವೆ. ನಾಯಕ ಒಂದು ಬೋಗಿಯ ಮೇಲಿಂದ ಹಿಂದಿನ ಬೋಗಿಗೆ ಹಾರುತ್ತಾ ಓಡುತ್ತಾನೆ. ಕೊನೆಯ ಬೋಗಿಯ ಬಾಗಿಲಲ್ಲಿ ಒಬ್ಬಳು ಹೆಂಗಸು ಮಗುವನ್ನು ಮುಂದೆ ಚಾಚಿ ನಿಂತಿರುತ್ತಾಳೆ. ಅವನ ಕೈ ಮಗುವಿಗೆ ತಾಗುತ್ತದೆ ಅನ್ನುವಷ್ಟರಲ್ಲಿ ಪರದೆ ಕಪ್ಪು. ಆಮೇಲೆ ಬಿಡುಗಡೆ ದಿನಾಂಕ.

ಪೋಸ್ಟರ್‌ನಲ್ಲೂ ಅದೇ ಸೇತುವೆ. ಬುಕಿಂಗ್ ಆ್ಯಪ್ ತೆರೆದರೂ ಅದೇ ಸೇತುವೆ.

ಬುಕಿಂಗ್ ಶುರುವಾದ ದಿನ ಭಾವ ಒಂದು ಮಾತು ಹೇಳಿದರು. “ಒಂದು ವಾರ ಕಾಯೋಣ ಕಣೋ. ಯಾರಾದ್ರೂ ನೋಡ್ಕೊಂಡು ಬರ್ಲಿ.” ನಾನು ಕೇಳಲಿಲ್ಲ. “ಭಾವ, ಇಂಥದ್ದನ್ನ ಮೊದಲ ದಿನವೇ ನೋಡ್ಬೇಕು, ತ್ರೀಡಿಯಲ್ಲೇ ನೋಡ್ಬೇಕು. ನೀವು ಸುಮ್ನೆ ಬನ್ನಿ, ಎಲ್ಲ ನಾನು ನೋಡ್ಕೋತೀನಿ” ಅಂದೆ. ಈ ಮಾತು ನೆನಪಾದಾಗಲೆಲ್ಲ ಮುಖ ಬಿಸಿಯಾಗುತ್ತದೆ. ಅಪ್ಪ, ಅಕ್ಕ, ಭಾವ, ಅವರ ಮಗ, ನನ್ನ ಹೆಂಡತಿ, ಆಫೀಸಿನ ಗೆಳೆಯ ಒಬ್ಬ, ನಾನು. ಸೀಟು ಕೆಂಪಾಗುತ್ತಾ ಬರುವುದನ್ನು ನೋಡಿ ಇನ್ನೂ ಗಾಬರಿಯಾಗಿ ಎರಡೇ ನಿಮಿಷದಲ್ಲಿ ದುಡ್ಡು ಕಟ್ಟಿಬಿಟ್ಟೆ.

ಆಗ ಒಂದೇ ಒಂದು ವಿಮರ್ಶೆಯೂ ಹೊರಗೆ ಬಂದಿರಲಿಲ್ಲ. ವಿಮರ್ಶಕರಿಗೆ ಮೊದಲೇ ಸಿನಿಮಾ ತೋರಿಸಿ, ಇಂಥ ದಿನ ಇಂಥ ಹೊತ್ತಿನ ತನಕ ಏನೂ ಬರೆಯಬಾರದು ಅಂತ ಷರತ್ತು ಹಾಕುವುದು ಸ್ಟುಡಿಯೋಗಳ ಹಳೆಯ ಪದ್ಧತಿ. ಸಿನಿಮಾ ಚೆನ್ನಾಗಿದೆ ಅನ್ನುವ ಧೈರ್ಯ ಇದ್ದರೆ ಎಷ್ಟೋ ಸಲ ದಿನಗಳ ಮೊದಲೇ ಬರೆಯಲು ಬಿಡುತ್ತಾರೆ. ಇದಕ್ಕೆ ಬಿಡುಗಡೆಯ ದಿನದ ತನಕ ಬಾಯಿ ಕಟ್ಟಿಸಿದ್ದರು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದೆ!

ಥಿಯೇಟರ್ ಒಳಗೆ ಹೋದೆವು. ಕನ್ನಡಕ ಹಾಕಿಕೊಂಡೆವು. ಸಿನಿಮಾ ಶುರುವಾಗಿ ಹತ್ತು ನಿಮಿಷ ಆಗಿರಬಹುದು. ಪಕ್ಕದಲ್ಲಿ ಅಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು. “ಇದು ರಾತ್ರಿ ನಡೀತಿರೋದಾ, ಹಗಲಾ?”

ನಾನೂ ಕನ್ನಡಕ ತೆಗೆದು ನೋಡಿದೆ. ಹಗಲು. ಪರದೆಯ ಮೇಲೆ ಒಳ್ಳೆ ಬಿಸಿಲು ಬಿದ್ದಿದೆ. ಕನ್ನಡಕ ಹಾಕಿದ ತಕ್ಷಣ ಮುಸ್ಸಂಜೆ. ಹಿಂದಿನ ಸಾಲಿನಲ್ಲೂ ಯಾರೋ ತೆಗೆದು ಹಾಕಿ ಮಾಡುತ್ತಿದ್ದರು.

ಇದಕ್ಕೆ ಕಾರಣ ಇದೆ. ಮಾಮೂಲಿ ಸಿನಿಮಾಗೆ ಪರದೆಯ ಮೇಲೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪು ಅಳೆಯುವ ಮಾನ) ಬೆಳಕು ಇರಬೇಕು ಅನ್ನುವುದು ಚಿತ್ರಮಂದಿರಗಳ ಅಳತೆ. ತ್ರೀಡಿಯಲ್ಲಿ ಪ್ರೊಜೆಕ್ಟರ್ ಮುಂದಿನ ಫಿಲ್ಟರ್ ಒಂದಿಷ್ಟು ಬೆಳಕು ತಿನ್ನುತ್ತದೆ, ಕನ್ನಡಕ ಇನ್ನೊಂದಿಷ್ಟು ತಿನ್ನುತ್ತದೆ. ಕಣ್ಣಿಗೆ ಬರುವುದು ಮೂರನೇ ಒಂದು ಪಾಲಿಗೆ ಇಳಿದುಬಿಡುವುದುಂಟು. ಪ್ರೊಜೆಕ್ಟರ್‌ನ ದೀಪ ಹಳತಾಗಿದ್ದರೆ ಇನ್ನೂ ಕಡಿಮೆ. ಒಳ್ಳೆ ಥಿಯೇಟರ್‌ನವರು ದೀಪ ಜೋರು ಮಾಡಿ, ಬೇಕಾದ ಪರದೆ ಹಾಕಿ ಸರಿದೂಗಿಸುತ್ತಾರೆ. ಇವರು ಏನೂ ಮಾಡಿರಲಿಲ್ಲ.

ಅದರ ಮೇಲೆ ಈ ಸಿನಿಮಾವನ್ನು ತ್ರೀಡಿ ಕ್ಯಾಮೆರಾದಲ್ಲಿ ತೆಗೆದೇ ಇರಲಿಲ್ಲ. ಮಾಮೂಲಿ ಹಾಗೆ ತೆಗೆದು, ಆಮೇಲೆ ಕಂಪ್ಯೂಟರ್‌ನಲ್ಲಿ ತ್ರೀಡಿ ಮಾಡಿದ್ದು. ಕೊನೆಯಲ್ಲಿ ಹೆಸರುಗಳು ಮೇಲೇರುವಾಗ ‘ಸ್ಟೀರಿಯೋ ಕನ್ವರ್ಷನ್’ ಅಂತ ಉದ್ದ ಪಟ್ಟಿ ಬಂತು, ಆಗ ಗೊತ್ತಾಯಿತು. ಹೀಗೆ ಮಾಡಿದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಫ್ಯೂರಿ ರೋಡ್ ಕೂಡ ಆಮೇಲೆ ತ್ರೀಡಿ ಮಾಡಿದ್ದೇ. ಆದರೆ ಅದಕ್ಕೆ ಸಮಯ ಕೊಡಬೇಕು, ತಾಳ್ಮೆ ಬೇಕು. 2009ರ ಡಿಸೆಂಬರ್‌ನಲ್ಲಿ ‘ಅವತಾರ್’ ಗೆದ್ದದ್ದೇ ತಡ, ಎಲ್ಲರೂ ತ್ರೀಡಿಗೆ ಮುಗಿಬಿದ್ದರು. 2010ರ ಏಪ್ರಿಲ್‌ನಲ್ಲಿ ಬಂದ ‘ಕ್ಲ್ಯಾಶ್ ಆಫ್ ದ ಟೈಟನ್ಸ್’ ಚಿತ್ರವನ್ನು ಕೆಲವೇ ವಾರಗಳಲ್ಲಿ ಹೀಗೆ ಬದಲಾಯಿಸಿ ಎಲ್ಲರ ಕೈಲೂ ಬೈಸಿಕೊಂಡರು. ನಾನು ನೋಡಿದ್ದೂ ಅದೇ ಜಾತಿ. ಮನುಷ್ಯರು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗೆ. ಹೊಡೆದಾಟ ಬಂದರೆ ಸೆಕೆಂಡಿಗೊಂದು ಕಟ್. ತ್ರೀಡಿಯಲ್ಲಿ ಪ್ರತಿ ಕಟ್‌ಗೂ ಕಣ್ಣು ಹೊಸ ಆಳಕ್ಕೆ ಹೊಂದಿಕೊಳ್ಳಬೇಕು. ಅದು ಹೊಂದಿಕೊಳ್ಳುವ ಮೊದಲೇ ಮುಂದಿನ ಕಟ್. ಅಕ್ಕ ತಲೆನೋವು ಅಂತ ಕಣ್ಣು ಮುಚ್ಚಿ ಕೂತುಬಿಟ್ಟಳು.

ಇಷ್ಟನ್ನೂ ನಾನು ಸಹಿಸಿಕೊಂಡೆ. ಸೇತುವೆ ಬರುತ್ತದಲ್ಲ ಅಂತ.

ಅಕ್ಕನ ಮಗ ನನ್ನ ತೋಳು ಹಿಡಿದುಕೊಂಡೇ ಕೂತಿದ್ದ. ರೈಲು ಕಂಡಾಗಲೆಲ್ಲ “ಮಾಮ, ಈಗ ಬರುತ್ತೆ” ಅನ್ನುತ್ತಿದ್ದ. ಮೊದಲ ಸಲ ಬರಲಿಲ್ಲ. ನದಿ ತೋರಿಸಿದಾಗ ಮತ್ತೆ “ಮಾಮ, ಈಗ.” ಆಗಲೂ ಇಲ್ಲ. ಎರಡು ಗಂಟೆ ದಾಟಿತು. ನಾಯಕ ಆ ಹೆಂಗಸನ್ನು ಭೇಟಿಯಾದ, ಮಗುವನ್ನೂ ನೋಡಿದ. ಮೂವರೂ ಸ್ಟೇಷನ್ ಕಡೆ ಹೊರಟರು. ನಾನು ಮುಂದಕ್ಕೆ ಬಗ್ಗಿ ಕೂತೆ. ರೈಲು ಶಿಳ್ಳೆ ಹಾಕಿತು. ಖಳನಾಯಕ ಎಲ್ಲೋ ಕೂತು ಫೋನ್ ಎತ್ತಿದ. “ಶುರು ಮಾಡಿ” ಅಂದ.

ಪರದೆ ಕಪ್ಪು. ‘ಮೊದಲ ಭಾಗ ಮುಗಿಯಿತು.’

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಕರೆಂಟ್ ಹೋಯಿತೇನೋ ಅಂದುಕೊಂಡೆ. ದೀಪ ಹತ್ತಿತು. ಜನ ಏಳಲಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಕ್ಕನ ಮಗ ಕನ್ನಡಕ ಹಾಕಿಕೊಂಡೇ ನನ್ನ ಕಡೆ ತಿರುಗಿದ. “ಮಾಮ, ಸೇತುವೆ?”

ಏನು ಉತ್ತರ ಕೊಡಲಿ ನಾನು?

ಮೊದಲ ಭಾಗ ಅಂತ ಪೋಸ್ಟರ್‌ನಲ್ಲಿ ಇರಲಿಲ್ಲ. ಟ್ರೇಲರ್‌ನಲ್ಲಿ ಇರಲಿಲ್ಲ. ಟಿಕೆಟ್ ಮೇಲೆ ಇರಲಿಲ್ಲ. ಮನೆಗೆ ಬಂದು ಮತ್ತೆ ಮತ್ತೆ ನೋಡಿದೆ, ಎಲ್ಲೂ ಇರಲಿಲ್ಲ. ಅಂದರೆ ಅವರು ನಮಗೆ ತೋರಿಸಿ ಟಿಕೆಟ್ ಮಾರಿದ್ದು ಇನ್ನೂ ಬರದ ಸಿನಿಮಾದ ದೃಶ್ಯ. ಹೀಗೆ ಅರ್ಧಕ್ಕೆ ನಿಲ್ಲಿಸುವುದು ಇವರೊಬ್ಬರೇ ಮಾಡಿದ್ದಲ್ಲ, ಅದು ನನಗೂ ಗೊತ್ತು. 2023ರ ಬೇಸಿಗೆಯಲ್ಲಿ ಒಂದರ ಹಿಂದೆ ಒಂದು ಬಂದವು. ಮೇ ತಿಂಗಳಲ್ಲಿ ‘ಫಾಸ್ಟ್ ಎಕ್ಸ್’, ಜೂನ್‌ನಲ್ಲಿ ಸ್ಪೈಡರ್‌ಮ್ಯಾನ್ ಅನಿಮೇಷನ್, ಜುಲೈನಲ್ಲಿ ‘ಮಿಷನ್ ಇಂಪಾಸಿಬಲ್’. ಮೂರೂ ಕಥೆಯನ್ನು ಮುಂದಕ್ಕೆ ಬಿಟ್ಟವು. ಕೊನೆಯದರ ಹೆಸರಿನಲ್ಲಾದರೂ ಮೊದಲ ಭಾಗ ಅಂತ ಬರೆದಿದ್ದರು. ಬರೆದರೆ ನನ್ನ ತಕರಾರಿಲ್ಲ. ಗೊತ್ತಿದ್ದೇ ಹೋಗುತ್ತೇನೆ.

ಹೊರಗೆ ಬಂದು ಮ್ಯಾನೇಜರ್ ಹತ್ತಿರ ಹೋದೆ. ಮರ್ಯಾದೆಯಿಂದಲೇ ಕೇಳಿದೆ. ಅವರ ಉತ್ತರ ಹಾಗೇ ಬರೆಯುತ್ತೇನೆ.

“ಸಿನಿಮಾ ಪೂರ್ತಿ ಓಡಿದೆ ಅಲ್ವಾ ಸರ್? ಮಧ್ಯದಲ್ಲಿ ನಿಂತಿದ್ರೆ ಹೇಳಿ, ದುಡ್ಡು ವಾಪಸ್ ಕೊಡ್ತೀವಿ.”

ಪರದೆ ಕತ್ತಲಾಗಿತ್ತು ಅಂದೆ.

“ತ್ರೀಡಿ ಅಂದ್ಮೇಲೆ ಸ್ವಲ್ಪ ಕತ್ತಲೆ ಇದ್ದೇ ಇರುತ್ತೆ ಸರ್. ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ.”

ನನ್ನ ಹಿಂದೆಯೇ ಇಬ್ಬರು ಅದೇ ಮಾತು ಹೇಳಲು ನಿಂತಿದ್ದರು! ಅವರನ್ನು ತೋರಿಸಿದೆ. ಮ್ಯಾನೇಜರ್ ಫೋನ್ ಬಂತು ಅಂತ ಒಳಗೆ ಹೋದರು, ಮತ್ತೆ ಬರಲೇ ಇಲ್ಲ.

ರಾತ್ರಿ ಆ್ಯಪ್‌ನ ಕಸ್ಟಮರ್ ಕೇರ್‌ಗೆ ಬರೆದೆ. “ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಚಿತ್ರದ ಕಥೆಗೆ ನಾವು ಜವಾಬ್ದಾರರಲ್ಲ.” ಕಥೆ ಬಗ್ಗೆ ಕೇಳುತ್ತಿಲ್ಲ, ಇದು ಅರ್ಧ ಸಿನಿಮಾ ಅಂತ ನಿಮ್ಮ ಪುಟದಲ್ಲಿ ಯಾಕೆ ಹಾಕಿಲ್ಲ ಅಂತ ಕೇಳಿದೆ. ಅದೇ ಉತ್ತರ, ಒಂದಕ್ಷರ ಬದಲಿಲ್ಲ. ಮೂರನೇ ಸಲ ಕೇಳಿದಾಗ ಬಂದದ್ದು ಇದು: “ಪ್ರದರ್ಶನ ಶುರುವಾಗುವ ಮೊದಲು ಟಿಕೆಟ್ ರದ್ದು ಮಾಡುವ ಅವಕಾಶ ನಿಮಗಿತ್ತು.”

ಶುರುವಾಗುವ ಮೊದಲು! ಮುಗಿದ ಮೇಲೆ ತಾನೇ ಇದು ಅರ್ಧ ಅಂತ ಗೊತ್ತಾಗುವುದು? ಈ ಸಾಲನ್ನು ಓದಿ ಫೋನ್ ಪಕ್ಕಕ್ಕಿಟ್ಟು ಕೂತುಬಿಟ್ಟೆ. ನಿದ್ದೆ ಬರಲಿಲ್ಲ.

ಸಿನಿಮಾದವರ ಅಧಿಕೃತ ಪುಟದಲ್ಲೂ ಕೇಳಿದೆ. ಸೇತುವೆ ದೃಶ್ಯ ಎಲ್ಲಿ? ಒಂದೇ ಪ್ರಶ್ನೆ, ಬೈಗುಳ ಇಲ್ಲ. “ಟ್ರೇಲರ್ ಇರುವುದು ಚಿತ್ರದ ಭಾವ ತಿಳಿಸಲು. ದೊಡ್ಡ ಪರದೆಯಲ್ಲಿ ನೋಡಿದ್ದಕ್ಕೆ ಧನ್ಯವಾದ!” ಜೊತೆಗೊಂದು ಕೆಂಪು ಹೃದಯ. ಬೆಳಿಗ್ಗೆ ನೋಡಿದರೆ ನನ್ನ ಪ್ರಶ್ನೆಯನ್ನೇ ತೆಗೆದಿದ್ದರು.

ಟ್ರೇಲರ್‌ನಲ್ಲಿದ್ದ ಚೂರುಪಾರು ಸಿನಿಮಾದಲ್ಲಿ ಇಲ್ಲದಿರುವುದು ಹೊಸದಲ್ಲ. ಟ್ರೇಲರ್ ಕತ್ತರಿಸುವವರು ಬೇರೆಯೇ ಕಂಪನಿಯವರು, ಸಿನಿಮಾದ ಎಡಿಟಿಂಗ್ ಮುಗಿಯುವ ತಿಂಗಳುಗಳ ಮೊದಲೇ ಅವರ ಕೆಲಸ ಶುರುವಾಗಿರುತ್ತದೆ. ಕೆಲವೊಮ್ಮೆ ಬೇಕೆಂದೇ ದಾರಿ ತಪ್ಪಿಸುತ್ತಾರೆ. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಟ್ರೇಲರ್‌ನಲ್ಲಿ ಹಲ್ಕ್ ಎಲ್ಲರ ಜೊತೆ ಯುದ್ಧಕ್ಕೆ ಓಡಿ ಬರುತ್ತಾನೆ. ಸಿನಿಮಾದಲ್ಲಿ ಆ ಜಾಗದಲ್ಲಿ ಹಲ್ಕ್ ಇಲ್ಲವೇ ಇಲ್ಲ. ಅಲ್ಲಿ ನನಗೆ ಬೇಜಾರಾಗಲಿಲ್ಲ. ಗುಟ್ಟು ಕಾಪಾಡಲು ಮಾಡಿದ್ದರು, ಬದಲಿಗೆ ಹೊಟ್ಟೆ ತುಂಬಾ ಸಿನಿಮಾ ಕೊಟ್ಟರು. ಇಲ್ಲಿ ಕೊಟ್ಟದ್ದೇನು?

ಕೋರ್ಟಿಗೆ ಹೋದವರೂ ಇದ್ದಾರೆ. 2011ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಮಹಿಳೆ, ‘ಡ್ರೈವ್’ ಟ್ರೇಲರ್ ನೋಡಿ ಕಾರ್ ಚೇಸ್ ತುಂಬಿರುವ ಸಿನಿಮಾ ಅಂದುಕೊಂಡೆ, ಒಳಗೆ ಅಂಥದ್ದು ತೀರಾ ಕಡಿಮೆ ಇತ್ತು ಅಂತ ಕೇಸ್ ಹಾಕಿದ್ದರು. ಆಗ ಆ ಸುದ್ದಿ ಓದಿ ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶರೊಬ್ಬರು, ಬೇರೊಂದು ಚಿತ್ರದ ಕೇಸಿನಲ್ಲಿ, ಟ್ರೇಲರ್ ಕೂಡ ಜಾಹೀರಾತೇ, ಸುಳ್ಳು ಜಾಹೀರಾತಿನ ಕಾನೂನು ಅದಕ್ಕೂ ಅನ್ವಯಿಸಬಹುದು ಅಂದರು. ಅಲ್ಲಿ ತಕರಾರು ಒಬ್ಬ ನಟಿ ಟ್ರೇಲರ್‌ನಲ್ಲಿದ್ದು ಸಿನಿಮಾದಲ್ಲಿ ಇಲ್ಲ ಅನ್ನುವುದು. ನನಗೆ ಇಡೀ ಸೇತುವೆಯೇ ಇಲ್ಲ.

ಇವರಿಗೆ ಬೇಕಾದದ್ದು ಮೊದಲ ಮೂರು ದಿನ, ಅಷ್ಟೇ. 1975ರ ಜೂನ್‌ನಲ್ಲಿ ‘ಜಾಸ್’ ಬಂದಾಗ ಟಿವಿಯಲ್ಲಿ ಎಡೆಬಿಡದೆ ಜಾಹೀರಾತು ಹಾಕಿ ಒಟ್ಟಿಗೆ 400ಕ್ಕೂ ಹೆಚ್ಚು ಥಿಯೇಟರ್‌ಗಳಲ್ಲಿ ಬಿಟ್ಟರು. ಬೇಸಿಗೆಯ ದೊಡ್ಡ ಸಿನಿಮಾ ಅನ್ನುವ ವ್ಯಾಪಾರ ಹುಟ್ಟಿದ್ದೇ ಹಾಗೆ. ಆದರೆ ಅದು ಜನ ಮತ್ತೆ ಮತ್ತೆ ಬಂದು ತಿಂಗಳುಗಟ್ಟಲೆ ಓಡಿದ ಸಿನಿಮಾ. ಈಗ ಅಮೆರಿಕ, ಕೆನಡಾ ಎರಡರಲ್ಲೇ 4000ಕ್ಕೂ ಹೆಚ್ಚು ಥಿಯೇಟರ್‌ಗಳಲ್ಲಿ ಒಂದೇ ದಿನ ಬಿಡುತ್ತಾರೆ. ನೋಡಿದವರು ಬಾಯಿ ಬಿಡುವಷ್ಟರಲ್ಲಿ ನೋಡದವರ ದುಡ್ಡು ಬಂದಿರಬೇಕು. ನನ್ನ ಏಳು ಟಿಕೆಟ್ ಹೋದದ್ದೂ ಆ ಲೆಕ್ಕಕ್ಕೇ.

ಹಾಗಾಗಿ ವಿಮರ್ಶೆ ಬರುವ ತನಕ ದುಡ್ಡು ಕಟ್ಟಬೇಡಿ. ಕಥೆ ಮುಗಿಯುತ್ತದಾ ಅಂತ ನೋಡಿದವರನ್ನು ಕೇಳಿ, ಬೇರೇನೂ ಕೇಳುವುದು ಬೇಡ, ಮಜಾ ಹಾಳಾಗುತ್ತದೆ. ತ್ರೀಡಿ ಕ್ಯಾಮೆರಾದಲ್ಲೇ ತೆಗೆದದ್ದಾ ಅಂತ ಹುಡುಕಿ, ಅಲ್ಲದಿದ್ದರೆ ಮಾಮೂಲಿ ಷೋಗೇ ಹೋಗಿ. ಪರದೆ ಕತ್ತಲೆ ಅನ್ನಿಸಿದರೆ ಮೊದಲ ಹತ್ತು ನಿಮಿಷದಲ್ಲೇ ಎದ್ದು ಹೋಗಿ ಹೇಳಿ. ನಾನು ಕೊನೆಯ ತನಕ ಕೂತೆ, ಅದನ್ನೇ ಹಿಡಿದುಕೊಂಡು ಪೂರ್ತಿ ನೋಡಿದಿರಲ್ಲ ಅಂದರು.

ಭಾವ ಇವತ್ತಿನ ತನಕ ಒಂದು ಮಾತೂ ಆಡಿಲ್ಲ. ನಾನು ಹೇಳಿದ್ದೆ ಅಲ್ವಾ ಅಂತ ಒಂದು ಸಲ ಅಂದುಬಿಟ್ಟಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಆ್ಯಪ್‌ನವರು ನನ್ನ ದೂರನ್ನು ‘ಪರಿಹಾರವಾಗಿದೆ’ ಅಂತ ಮೂರು ಸಲ ಮುಚ್ಚಿದರು. ನಿನ್ನೆ ರಾತ್ರಿ ನಾಲ್ಕನೇ ಸಲ ತೆರೆದಿದ್ದೇನೆ. ಏಳು ಟಿಕೆಟ್, ಪೋಸ್ಟರ್, ಟ್ರೇಲರ್‌ನ ಆ ಇಪ್ಪತ್ತು ಸೆಕೆಂಡ್, ಎಲ್ಲ ಸೇರಿಸಿ ಕಳಿಸಿದ್ದೇನೆ. ಉತ್ತರ ಬಂದರೆ ತಿಳಿಸುತ್ತೇನೆ.