ಸೋರೆ ಸೌಟಿನ ಪಾಠಕ್ಕೆ ಫುಲ್ ಮಾರ್ಕ್ಸ್, ಉಳಿದದ್ದು ಅಷ್ಟಕ್ಕಷ್ಟೇ

ಅಮೆರಿಕದ ಮೂಲನಿವಾಸಿಗಳು ಎಲ್ಲಿಂದ ಬಂದರು ಅನ್ನೋದನ್ನು ಅವರ ಭಾಷೆಗಳಲ್ಲೇ ಹುಡುಕುವ ಆರು ವಾರದ ಆನ್‌ಲೈನ್ ಕೋರ್ಸ್ ಒಂದನ್ನು ಮೊನ್ನೆ ಮುಗಿಸಿದೆ. ಹೆಸರು ಹೇಳಲ್ಲ, ಬೈಯೋದೂ ಸ್ವಲ್ಪ ಇದೆ.

ಮೊದಲೆರಡು ವಾರ ಬರೀ ಪೀಠಿಕೆ. ದುಡ್ಡು ವಸೂಲಾಗಿದ್ದು ಮೂರನೇ ವಾರದಲ್ಲಿ. ಭಾಷಾತಜ್ಞ ಎಡ್ವರ್ಡ್ ಸಪಿರ್ 1936ರಲ್ಲಿ ನವಾಹೋ ಭಾಷೆಯ ಬಗ್ಗೆ ಬರೆದ ಲೇಖನವನ್ನು ಅಲ್ಲಿ ಒಂದೊಂದೇ ಪದ ಹಿಡಿದು ಬಿಡಿಸುತ್ತಾರೆ. ನವಾಹೋ ಜನ ಇರುವುದು ಅರಿಜೋನಾ, ನ್ಯೂ ಮೆಕ್ಸಿಕೋದ ಒಣ ನೆಲದಲ್ಲಿ. ಆದರೆ ಅವರ ಭಾಷೆಯ ನೆಂಟರು ಜಾಸ್ತಿ ಇರುವುದು ದೂರದ ಅಲಾಸ್ಕಾ, ಕೆನಡಾದ ಚಳಿಯಲ್ಲಿ. ಹಾಗಾದ್ರೆ ಯಾರು ಯಾವ ಕಡೆ ನಡೆದರು? ಸೋರೆ ಬುರುಡೆಗೂ ಅದರ ಸೌಟಿಗೂ ನವಾಹೋದಲ್ಲಿರುವ ಪದ ಮೊದಲಿಗೆ ಪ್ರಾಣಿಯ ಕೊಂಬನ್ನು ಹೇಳುತ್ತಿದ್ದ ಪದವಂತೆ. ಸೋರೆ ಬೆಳೆಯದ ಉತ್ತರದಲ್ಲಿ ಸೌಟು ಮಾಡುತ್ತಿದ್ದದ್ದು ಕೊಂಬಿನಿಂದ, ದಕ್ಷಿಣಕ್ಕೆ ಬಂದ ಮೇಲೆ ಸೌಟು ಬದಲಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು! ಮೆಕ್ಕೆಜೋಳದ ಪದ ಬಿಡಿಸಿದರೆ 'ಪರರ ಊಟ' ಅಂತ ಬರುತ್ತದೆ, ಅಂದರೆ ಅದು ಬೇರೆಯವರಿಂದ ಕಲಿತ ಬೆಳೆ. ಈ ಪಾಠವನ್ನು ನಾನು ಎರಡು ಸಲ ನೋಡಿದೆ.

ಆಮೇಲೆ ಇಳಿಮುಖ. ಜೋಸೆಫ್ ಗ್ರೀನ್‌ಬರ್ಗ್ ಅನ್ನೋ ಇನ್ನೊಬ್ಬ ಭಾಷಾತಜ್ಞ 1987ರಲ್ಲಿ ಎರಡು ಅಮೆರಿಕ ಖಂಡಗಳ ಅಷ್ಟೂ ಮೂಲಭಾಷೆಗಳನ್ನು ಮೂರೇ ಗುಂಪಿಗೆ ತುರುಕಿದ್ದಕ್ಕೆ ಒಂದಿಡೀ ವಾರ ಕೊಟ್ಟಿದ್ದಾರೆ. ಒಂದೇ ಥರ ಕೇಳುವ ಪದಗಳನ್ನು ಗುಡ್ಡೆ ಹಾಕಿದರೆ ಸಾಲದು, ಈ ಭಾಷೆಯ ಈ ಸದ್ದಿಗೆ ಆ ಭಾಷೆಯ ಆ ಸದ್ದು ಅಂತ ನಿಯಮ ಸಿಗಬೇಕು ಅಂತ ಎಷ್ಟೋ ಭಾಷಾತಜ್ಞರು ಅದನ್ನು ಒಪ್ಪಲೇ ಇಲ್ಲ. ಈ ಆಕ್ಷೇಪಕ್ಕೆ ಕೊಟ್ಟಿರೋದು ಹತ್ತೇ ನಿಮಿಷ, ಇದು ಮೋಸ ಅಲ್ವಾ? ನವಾಹೋ ಸೇರಿರುವ ಭಾಷಾ ಕುಟುಂಬಕ್ಕೂ ಸೈಬೀರಿಯಾದ ಕೆಟ್ ಭಾಷೆಗೂ ನೆಂಟಸ್ತನ ಇದೆ ಅಂತ ಭಾಷಾತಜ್ಞ ಎಡ್ವರ್ಡ್ ವಾಜ್ಡಾ 2008ರಲ್ಲಿ ಮಂಡಿಸಿದ ವಾದ ಇನ್ನೂ ಚರ್ಚೆಯಲ್ಲೇ ಇದೆ, ಅದನ್ನಂತೂ ಕೊನೆಯ ವಾರದಲ್ಲಿ ಓಡಿಸಿಬಿಟ್ಟರು.

ಇನ್ನೊಂದು ಬೇಜಾರು. ಆರು ವಾರದಲ್ಲಿ ಒಬ್ಬ ನವಾಹೋ ಮನುಷ್ಯನೂ ಬಂದು ಮಾತಾಡಲಿಲ್ಲ. ಅವರು ತಮ್ಮನ್ನು ಕರೆದುಕೊಳ್ಳುವುದು ದಿನೆ ಅಂತ, ಕೆಳಗಿನ ಲೋಕಗಳಿಂದ ಒಂದೊಂದಾಗಿ ಹತ್ತಿ ಬಂದೆವು ಅನ್ನೋದು ಅವರ ಹುಟ್ಟಿನ ಕಥೆ. ಅದರ ಸುದ್ದಿಯೇ ಇಲ್ಲ.

ಸೇರುವುದಾದರೆ ಒಳ್ಳೆ ಇಯರ್‌ಫೋನ್ ಇಟ್ಟುಕೊಳ್ಳಿ. ನವಾಹೋದಲ್ಲಿ ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ನಾನು ಲ್ಯಾಪ್‌ಟಾಪ್ ಸ್ಪೀಕರ್ ನಂಬಿಕೊಂಡು ನಾಲ್ಕನೇ ವಾರದ ಕ್ವಿಜ್‌ನಲ್ಲಿ ಸುಮ್ನೆ ಫೇಲಾದೆ.