ಕೆಸರಿನ ಲೋಹ ಪರೀಕ್ಷೆ: ಮೈಸೂರಿನ ಒಂದು ಲ್ಯಾಬ್ ವರದಿಯನ್ನು ಎಷ್ಟು ನಂಬಬಹುದು?

ನದಿ, ಅಳಿವೆಗಳ ಕೆಸರಿನಲ್ಲಿ ಭಾರಲೋಹ ಅಳೆದು, ಜೊತೆಗೆ ಪರಿಸರ ಅಪಾಯ ಸೂಚ್ಯಂಕವನ್ನೂ (ಆ ಲೋಹಗಳಿಂದ ಜೀವಿಗಳಿಗೆ ಎಷ್ಟು ಅಪಾಯ ಎಂದು ಹೇಳುವ ಅಂಕ) ಲೆಕ್ಕ ಹಾಕಿ ಕೊಡುವ ಖಾಸಗಿ ಲ್ಯಾಬೊಂದು ಮೈಸೂರಿನಲ್ಲಿದೆ. ನಂಜನಗೂಡಿನ ಕಪಿಲೆಯ ಗೋಡಾಗಲಿ, ಮಂಗಳೂರಿನ ಫಲ್ಗುಣಿ ಅಳಿವೆಯ ಕೆಸರಾಗಲಿ, ದರ ಒಂದೇ. ಸೀಸ, ತಾಮ್ರ, ಸತುವಿನ ಅಳತೆ ಅಚ್ಚುಕಟ್ಟಾಗಿದೆ. ಸೂಚ್ಯಂಕವನ್ನು ಮಾತ್ರ ಹಾಗೆಯೇ ಒಪ್ಪುವಂತಿಲ್ಲ.

ತೊಡಕಿರುವುದು ಕ್ಯಾಡ್ಮಿಯಂನಲ್ಲಿ. ವರದಿ ‘ಪತ್ತೆಯಾಗಿಲ್ಲ’ ಎನ್ನುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ ಪತ್ತೆಯ ಮಿತಿ, ಅಂದರೆ ಉಪಕರಣ ಗುರುತಿಸಬಲ್ಲ ಕನಿಷ್ಠ ಪ್ರಮಾಣ, ಕಿಲೋಗೆ 0.5 ಮಿಲಿಗ್ರಾಂ ಎಂದಿದೆ. ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿದಿದ್ದಾರೆ. ಸ್ವೀಡನ್ನಿನ ವಿಜ್ಞಾನಿ ಹಾಕನ್ಸನ್ 1980ರಲ್ಲಿ ಕೊಟ್ಟ ವಿಧಾನದ ಪ್ರಕಾರ ಸಿಕ್ಕ ಪ್ರಮಾಣವನ್ನು ಹಿನ್ನೆಲೆ ಪ್ರಮಾಣದಿಂದ (ಮಾಲಿನ್ಯವಿಲ್ಲದಾಗ ಸಹಜವಾಗಿ ಇರುವಷ್ಟು) ಭಾಗಿಸಿ, ಆಯಾ ಲೋಹ ಎಷ್ಟು ವಿಷಕಾರಿ ಎಂದು ಹೇಳುವ ವಿಷಾಂಕದಿಂದ ಗುಣಿಸಬೇಕು. ಪಾದರಸಕ್ಕೆ 40, ಕ್ಯಾಡ್ಮಿಯಂಗೆ 30, ಆರ್ಸೆನಿಕ್‌ಗೆ 10, ಸೀಸ-ತಾಮ್ರಕ್ಕೆ 5, ಕ್ರೋಮಿಯಂಗೆ 2, ಸತುವಿಗೆ 1. ಕ್ಯಾಡ್ಮಿಯಂನ ಹಿನ್ನೆಲೆ 0.3 ಎಂದಿಟ್ಟುಕೊಂಡರೆ 0.49 ಇದ್ದ ಕೆಸರಿಗೆ 49 ಅಂಕ ಬರುತ್ತದೆ. 40 ದಾಟಿದರೆ ಮಧ್ಯಮ ಅಪಾಯ! ಆ ಕೆಸರಿಗೂ ಈ ವರದಿ ಕೊಡುವುದು ಸೊನ್ನೆಯನ್ನೇ. ಇದು ಜ್ವಾಲೆಯ ಎಎಎಸ್ (ಲೋಹದ ಪರಮಾಣುಗಳು ಹೀರುವ ಬೆಳಕನ್ನು ಅಳೆಯುವ) ಉಪಕರಣದ ಮಿತಿ. ಇನ್ನೂ ಸೂಕ್ಷ್ಮವಾದ ಗ್ರಾಫೈಟ್ ಫರ್ನೇಸ್ ಎಎಎಸ್ ಅಥವಾ ಪರಮಾಣುಗಳನ್ನು ತೂಕದಿಂದ ಗುರುತಿಸುವ ಐಸಿಪಿ-ಎಂಎಸ್‌ನಲ್ಲೇ ಅಳೆಯಿರಿ, ಮಿತಿ 0.05ಕ್ಕಿಂತ ಕೆಳಗಿರಲಿ ಎಂದು ಮಾದರಿ ಕೊಡುವಾಗಲೇ ಬರೆಸಿಕೊಳ್ಳಿ.

ಪಾದರಸದ್ದೂ ಇಂಥದೇ ಕಥೆ. ಎಲ್ಲ ಮಾದರಿಗಳನ್ನೂ 105 ಡಿಗ್ರಿ ಓವನ್‌ನಲ್ಲಿ ಒಣಗಿಸುತ್ತಾರೆ, ಆ ಬಿಸಿಗೆ ಪಾದರಸದ ಒಂದು ಪಾಲು ಆವಿಯಾಗಿ ಹೋಗಬಹುದು. ಅತಿ ಹೆಚ್ಚು ವಿಷಾಂಕದ ಲೋಹವೇ ಹೀಗೆ ಕಳೆದುಹೋಗುವುದನ್ನು ಒಪ್ಪಬಾರದು. ಅದಕ್ಕೊಂದು ಭಾಗ ಬೇರೆ ಎತ್ತಿಟ್ಟು, 40 ಡಿಗ್ರಿ ಮೀರದಂತೆ ಒಣಗಿಸಲು ಹೇಳಿ.

ಅಳಿವೆಯ ಕೆಸರಿಗೆ ಇನ್ನಷ್ಟು ಎಚ್ಚರ ಬೇಕು. ಸಿಹಿನೀರು ಉಪ್ಪುನೀರಿಗೆ ಸೇರುವಲ್ಲಿ ಜೇಡಿಕಣಗಳು ಗಂಟುಕಟ್ಟಿ ತಳಕ್ಕಿಳಿಯುತ್ತವೆ, ಅವಕ್ಕೆ ಅಂಟಿದ ಲೋಹವೂ ಅಲ್ಲೇ ಸೇರುತ್ತದೆ. ಮರಳು ಹೆಚ್ಚಿದ್ದರೆ ಅಂಕ ಸುಮ್ಮನೆ ಇಳಿಯುತ್ತದೆ. ಹಾಗಾಗಿ 63 ಮೈಕ್ರಾನ್ ಜರಡಿಯಿಂದ ಕೆಳಗಿಳಿದ ನುಣ್ಣನೆಯ ಭಾಗವನ್ನಷ್ಟೇ ಹೋಲಿಸಬೇಕು. ಇವರು ಜರಡಿ ಹಿಡಿಯುತ್ತಾರೆ, ಅದು ಮೆಚ್ಚಬೇಕಾದದ್ದು. ಆದರೆ ಐಸಿಪಿ-ಎಂಎಸ್‌ನಲ್ಲಿ ಉಪ್ಪಿನ ಕ್ಲೋರಿನ್ ಆರ್ಗಾನ್ ಜೊತೆ ಕೂಡಿ 75ರ ತೂಕದಲ್ಲಿ ಆರ್ಸೆನಿಕ್‌ನಂತೆಯೇ ಕಾಣಿಸಿಕೊಳ್ಳುತ್ತದೆ. ಈ ಗೊಂದಲವನ್ನು ತಗ್ಗಿಸುವ ಹೀಲಿಯಂ ಮೋಡ್ ಬಳಸಿದ್ದಾರೆಯೇ ಎಂದು ವರದಿಯಲ್ಲಿ ಬರೆದಿಲ್ಲ, ಕೇಳಲೇಬೇಕು.

ಹಿನ್ನೆಲೆಗೆ ಜಾಗತಿಕ ಶೇಲ್ (ಜೇಡಿಯಿಂದಾದ ಪದರಗಲ್ಲು) ಸರಾಸರಿಯನ್ನೇ ಹಾಕಿದ್ದಾರೆ: ಕ್ರೋಮಿಯಂಗೆ ಕಿಲೋಗೆ 90 ಮಿಲಿಗ್ರಾಂ. ಮೈಸೂರು-ನಂಜನಗೂಡು ಸೀಮೆಗೆ ಅದು ಹೊಂದುವುದಿಲ್ಲ. ಸಿಂಧುವಳ್ಳಿ ಸುತ್ತ ಕ್ರೋಮೈಟ್ ಅದಿರೇ ಇರುವ ಬಂಡೆಗಳಿವೆ, ನೆಲದ ಕ್ರೋಮಿಯಂ ಕಾರ್ಖಾನೆಯ ತಲೆಗೆ ಬಂದೀತು. ಕಾರ್ಖಾನೆಗಳಿಗಿಂತ ಮೇಲ್ಹರಿವಿನ, ಅದೇ ಕಣಗಾತ್ರದ ಕೆಸರನ್ನು ಹಿನ್ನೆಲೆ ಮಾದರಿಯಾಗಿ ಜೊತೆಗೇ ಕೊಡಿ.

ಕೆಸರು ತೆಗೆಯುವಾಗ ಪ್ಲಾಸ್ಟಿಕ್ ಸೌಟೇ ಆಗಬೇಕು, ಮೇಲಿನ 5 ಸೆಂ.ಮೀ. ಸಾಕು. ಒಂದೊಂದು ಜಾಗದಲ್ಲೂ 3 ಮಾದರಿ ತೆಗೆದು ಐಸ್‌ನಲ್ಲಿಟ್ಟು ತನ್ನಿ. ಲ್ಯಾಬ್ ಸಿಬ್ಬಂದಿ ತಾಳ್ಮೆಯಿಂದ ಉತ್ತರಿಸುತ್ತಾರೆ, ಕೇಳಿದರೆ ಪ್ರಮಾಣಿತ ಮಾದರಿಯ (ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಮಾದರಿ) ಫಲಿತಾಂಶವನ್ನೂ ತೋರಿಸುತ್ತಾರೆ. ಅಳತೆಗಳನ್ನು ಇವರಿಂದ ಪಡೆದು, ಸೂಚ್ಯಂಕದ ಲೆಕ್ಕವನ್ನು ನೀವೇ ಹಾಕಿಕೊಳ್ಳಿ.