ರೆಡ್‌ಮ್ಯಾಪ್: ನೆಲೆ ಬದಲಿಸುವ ಕಡಲಜೀವಿಗಳ ಲೆಕ್ಕವಿಡುವ ಜಾಲತಾಣ

ಆಸ್ಟ್ರೇಲಿಯಾದ ಕಡಲಿನಲ್ಲಿ ಡೈವ್ ಮಾಡುವವರೂ ಗಾಳ ಹಾಕುವವರೂ ತಮ್ಮ ಕಣ್ಣಿಗೆ ಬಿದ್ದ, ಆ ಜಾಗಕ್ಕೆ ಹೊಸತೆನಿಸುವ ಜೀವಿಯ ಚಿತ್ರವನ್ನು ಕಳುಹಿಸಿ ದಾಖಲಿಸಬಹುದಾದ ಉಚಿತ ಸೇವೆ ರೆಡ್‌ಮ್ಯಾಪ್. ಟ್ಯಾಸ್ಮೇನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2009ರಲ್ಲಿ ತಮ್ಮ ದ್ವೀಪಕ್ಕಷ್ಟೇ ಆರಂಭಿಸಿದ ಈ ಯೋಜನೆ 2012ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು.

ಇದು ಟ್ಯಾಸ್ಮೇನಿಯಾದಲ್ಲೇ ಹುಟ್ಟಿದ್ದಕ್ಕೆ ಕಾರಣವಿದೆ. ಪೂರ್ವ ಆಸ್ಟ್ರೇಲಿಯಾ ಪ್ರವಾಹವೆಂಬ ಕಡಲೊಳಗಿನ ನೀರಿನ ಹರಿವು ಬೆಚ್ಚನೆಯ ನೀರನ್ನು ಈಗ ಮೊದಲಿಗಿಂತ ಹೆಚ್ಚಾಗಿ ದಕ್ಷಿಣಕ್ಕೆ ತರುತ್ತಿದ್ದು, ಅದರೊಂದಿಗೆ ನ್ಯೂ ಸೌತ್ ವೇಲ್ಸ್ ಕರಾವಳಿಯ ಉದ್ದಮುಳ್ಳಿನ ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳಿರುವ ಜೀವಿಯ ಲಾರ್ವಾಗಳೂ (ಎಳೆಯ ಮರಿಗಳೂ) ತೇಲಿಬರುತ್ತವೆ. ಚಳಿಗಾಲದ ನೀರು ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಆ ಲಾರ್ವಾಗಳು ಸರಿಯಾಗಿ ಬೆಳೆಯುವುದಿಲ್ಲ. ನೀರು ಆ ಮಿತಿಯನ್ನು ದಾಟಿದ ಮೇಲೆ ಅವುಗಳಿಗೆ ತಡೆಯೇ ಉಳಿಯಲಿಲ್ಲ. ಟ್ಯಾಸ್ಮೇನಿಯಾದ ಪೂರ್ವ ಕರಾವಳಿಯ ಸೇಂಟ್ ಹೆಲೆನ್ಸ್ ಬಳಿ 1978ರಲ್ಲಿ ಮೊದಲು ಕಂಡ ಈ ಅರ್ಚಿನ್, ಮುಂದೆ ಹಲವೆಡೆ ಕೆಲ್ಪ್ ಎಂಬ ಕಡಲಪಾಚಿಯ ಕಾಡನ್ನು ಬುಡಸಮೇತ ಮೇಯ್ದು ಬರೀ ಬಂಡೆಯನ್ನು ಉಳಿಸಿತು. ಅಬಲೋನಿ ಎಂಬ ಚಿಪ್ಪುಜೀವಿ ಮತ್ತು ಲಾಬ್‌ಸ್ಟರ್ ಹಿಡಿದು ಬದುಕುವವರಿಗೆ ಅದು ನೇರ ಪೆಟ್ಟು.

ರೆಡ್‌ಮ್ಯಾಪ್‌ನ ಜಾಣತನವಿರುವುದು ಕೇಳುವ ಪ್ರಶ್ನೆಯಲ್ಲಿ. ಕಂಡದ್ದನ್ನೆಲ್ಲ ಕಳುಹಿಸಿ ಎನ್ನದೆ, ಪ್ರದೇಶವಾರು ಆಯ್ದ ಜೀವಿಗಳ ಪಟ್ಟಿ ಕೊಟ್ಟು, ಇವು ಎಂದಿನ ಎಲ್ಲೆಯಾಚೆ ಕಂಡರೆ ತಿಳಿಸಿ ಎನ್ನುತ್ತದೆ. ಬಂದ ಚಿತ್ರವನ್ನು ಆ ಜೀವಿಯನ್ನು ಬಲ್ಲ ವಿಜ್ಞಾನಿಯೊಬ್ಬರು ಪರಿಶೀಲಿಸುವುದರಿಂದ, ಹವ್ಯಾಸಿಗಳ ದಾಖಲೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ಇಂಥ ದಾಖಲೆಗಳಿಂದ ಮೂಡುವ ನಕ್ಷೆಯನ್ನು ಎಚ್ಚರದಿಂದ ಓದಬೇಕು. ಜನ ಹೆಚ್ಚು ಇಳಿಯುವ ಕೊಲ್ಲಿಗಳಲ್ಲಿ ಗುರುತುಗಳು ಹೆಚ್ಚಿರುವುದು ಸಹಜ. ಗುರುತಿಲ್ಲದ ಕಡೆ ಜೀವಿಯೂ ಇಲ್ಲವೆಂದು ಅರ್ಥವಲ್ಲ. ಪ್ರವಾಹಕ್ಕೆ ಸಿಕ್ಕಿ ಬಂದ ಒಂಟಿ ಪ್ರಾಣಿಗೂ, ಅಲ್ಲೇ ಮೊಟ್ಟೆಯಿಟ್ಟು ನೆಲೆಯೂರಿದ ಸಂತತಿಗೂ ಇರುವ ವ್ಯತ್ಯಾಸವನ್ನು ಒಂದು ಫೋಟೋ ಹೇಳಲಾರದು. ಅದಕ್ಕೆ ವಿಜ್ಞಾನಿಗಳೇ ನೀರಿಗಿಳಿದು ಸಮೀಕ್ಷೆ ಮಾಡಬೇಕಾಗುತ್ತದೆ.

ಈ ಮಿತಿ ತಿಳಿದವರಿಗೆ ಸೇವೆಯನ್ನು ಧಾರಾಳವಾಗಿ ಶಿಫಾರಸು ಮಾಡಬಹುದು. ಟ್ಯಾಸ್ಮೇನಿಯಾದ ರಾಜಧಾನಿ ಹೋಬಾರ್ಟ್ ಕಡೆಯ ಕನ್ನಡಿಗರು ಆಕ್ಟೋಪಸ್ ಕಂಡರೆ ತುಸು ಹತ್ತಿರದಿಂದ ಚಿತ್ರ ತೆಗೆಯಲಿ: ಉತ್ತರದಿಂದ ಬಂದಿರುವ ಗ್ಲೂಮಿ ಆಕ್ಟೋಪಸ್‌ಗೆ ಬಿಳಿಗಣ್ಣು, ತೋಳುಗಳ ಒಳಬದಿಗೆ ತುಕ್ಕಿನ ಕೆಂಪು. ಇವೆರಡೂ ಚಿತ್ರದಲ್ಲಿ ಕಂಡರೆ ಗುರುತಿಸುವವರ ಕೆಲಸ ಸುಲಭವಾಗುತ್ತದೆ.